ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾನಿಲಯಕ್ಕೆ

ಮಗಳು ಲೆಕ್ಕದಲ್ಲಿ ನೂರಕ್ಕೆ ನೂರು ತಂದಳೆಂದರೆ ಮನೆಯಲ್ಲಿ ಸಿಹಿ ಹಂಚುತ್ತೇವೆ. ಆದರೆ ಆ ನೂರು ಅಂಕ ಒಂದು ವಿಷಯವನ್ನು ಮುಚ್ಚಿಡುತ್ತದೆ. ಒಂದೇ ತರಗತಿಯ ಇಬ್ಬರು ಹುಡುಗಿಯರಿಗೆ ನೂರು ಸಿಕ್ಕಿತೆನ್ನಿ. ಒಬ್ಬಳು ರಾತ್ರಿಯಿಡೀ ಓದಿ ಅಲ್ಲಿಗೆ ಮುಟ್ಟಿದವಳು. ಇನ್ನೊಬ್ಬಳಿಗೆ ಮೂರು ವರ್ಷ ಮುಂದಿನ ಪಾಠವೂ ಸಲೀಸು. ಪ್ರಶ್ನೆಪತ್ರಿಕೆ ಅಲ್ಲಿಗೇ ಮುಗಿದುದರಿಂದ ಇಬ್ಬರೂ ಸಮಾನರಾಗಿ ಕಾಣುತ್ತಾರೆ. ಎರಡನೆಯವಳು ಮುಂದಿನ ವರ್ಷಗಳನ್ನು ಗೊತ್ತಿದ್ದುದನ್ನೇ ಮತ್ತೆ ಮತ್ತೆ ಕೇಳುತ್ತಾ ಕಳೆಯುತ್ತಾಳೆ. ಕ್ರಮೇಣ ಅವಳಿಗೆ ಓದೇ ಬೇಸರವಾಗುತ್ತದೆ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರಿದ್ದರು. 1968ರಲ್ಲಿ ಜೋಸೆಫ್ ಬೇಟ್ಸ್ ಎಂಬ ಹನ್ನೆರಡರ ಹುಡುಗನ ಸುದ್ದಿ ಅವರಿಗೆ ತಲುಪಿತು. ಆ ಹುಡುಗ ಕಾಲೇಜಿನವರ ಜೊತೆ ಕೂತು ಕಂಪ್ಯೂಟರ್ ಪಾಠ ಕಲಿಯುತ್ತಿದ್ದ. ಅವನ ಸಾಮರ್ಥ್ಯ ಎಷ್ಟೆಂದು ತಿಳಿಯಲು ಸ್ಟ್ಯಾನ್ಲಿಯವರು ಅವನಿಗೆ ಎಸ್.ಎ.ಟಿ. ಪರೀಕ್ಷೆ ಕೊಟ್ಟರು. ಅದು ಹದಿನೇಳು-ಹದಿನೆಂಟರ ವಿದ್ಯಾರ್ಥಿಗಳು ಕಾಲೇಜು ಪ್ರವೇಶಕ್ಕಾಗಿ ಬರೆಯುವ ಪರೀಕ್ಷೆ. ಹುಡುಗ ಅದರಲ್ಲಿ ಚೆನ್ನಾಗಿಯೇ ಗೆದ್ದ. ಹದಿಮೂರನೆಯ ವಯಸ್ಸಿಗೆ ವಿಶ್ವವಿದ್ಯಾನಿಲಯ ಸೇರಿದ. 1972ರಲ್ಲಿ ಸ್ಟ್ಯಾನ್ಲಿಯವರು ಇದೇ ಪರೀಕ್ಷೆಯ ಗಣಿತದ ಭಾಗವನ್ನು ಬಾಲ್ಟಿಮೋರ್ ಸುತ್ತಮುತ್ತಲಿನ 12ರಿಂದ 14 ವಯಸ್ಸಿನ ಸುಮಾರು 450 ಮಕ್ಕಳಿಗೆ ಕೊಟ್ಟರು. ಹನ್ನೆರಡರ ಮಗುವಿಗೆ ಹದಿನೇಳರವರ ಪ್ರಶ್ನೆಪತ್ರಿಕೆ ಕೊಟ್ಟಾಗ ಶಾಲೆಯ ನೂರು ಅಂಕದಲ್ಲಿ ಅಡಗಿದ್ದ ವ್ಯತ್ಯಾಸವೆಲ್ಲ ಹೊರಬಿತ್ತು.

ಸಿಕ್ಕಿದ ಮಕ್ಕಳನ್ನು ಏನು ಮಾಡುವುದು? ಎಲ್ಲರನ್ನೂ ಬೇಟ್ಸ್‌ನಂತೆ ಕಾಲೇಜಿಗೆ ದಾಟಿಸಲಾಗದು. 1979ರಲ್ಲಿ ಅವರು ವಿಶ್ವವಿದ್ಯಾನಿಲಯದಲ್ಲಿ ಒಂದು ಕೇಂದ್ರ ತೆರೆದರು. ಇಂದು ಅದನ್ನು ಸಿ.ಟಿ.ವೈ. ಎಂದು ಕರೆಯುತ್ತಾರೆ. ಮರುವರ್ಷದಿಂದ ಬೇಸಿಗೆಯ ವಸತಿ ಶಿಬಿರಗಳು ಶುರುವಾದವು. ಬೇಸಿಗೆಯಲ್ಲಿ ವಿಶ್ವವಿದ್ಯಾನಿಲಯದ ಹಾಸ್ಟೆಲುಗಳು ಹೇಗೂ ಖಾಲಿ ಇರುತ್ತವೆ. ಆ ಕೋಣೆ, ಆ ಗ್ರಂಥಾಲಯ, ಆ ಪ್ರಯೋಗಾಲಯ ಮಕ್ಕಳ ಕೈಗೆ ಬರುತ್ತದೆ.

ಶಿಬಿರ ಮೂರು ವಾರ. ವಿಷಯ ಒಂದೇ. ಸಂಖ್ಯಾಶಾಸ್ತ್ರವೋ ತರ್ಕವೋ ತಳಿವಿಜ್ಞಾನವೋ ತತ್ವಶಾಸ್ತ್ರವೋ, ಆರಿಸಿಕೊಂಡ ಮೇಲೆ ಅದನ್ನೇ ಬೆಳಗಿನಿಂದ ಸುಮಾರು ಐದು ತಾಸು ಕಲಿಯಬೇಕು. ರಾತ್ರಿ ಮತ್ತೆರಡು ತಾಸು ಸೇರಿ ಕೂತು ಓದಬೇಕು. ನಡುವೆ ಆಟ, ಸುತ್ತಾಟ. ತರಗತಿಯಲ್ಲಿ ಮಕ್ಕಳು ಕಡಿಮೆ. ಒಬ್ಬ ಅಧ್ಯಾಪಕ, ಒಬ್ಬ ಸಹಾಯಕ. ಕೊನೆಗೆ ಅಂಕವೂ ಇಲ್ಲ, ರ‍್ಯಾಂಕೂ ಇಲ್ಲ. ಮಗು ಏನು ಕಲಿತಿತು, ಎಲ್ಲಿ ಎಡವಿತು ಎಂದು ಅಧ್ಯಾಪಕರು ಬರೆದ ಒಂದು ವರದಿ ಮನೆಗೆ ಬರುತ್ತದೆ, ಅಷ್ಟೇ. ಅಂಕಕ್ಕಾಗಿಯೇ ಓದಿಸುವ ನಮಗೆ ಇದು ವಿಚಿತ್ರವೆನಿಸಬಹುದು. ಗೂಗಲ್ ಕಟ್ಟಿದವರಲ್ಲಿ ಒಬ್ಬರಾದ ಸರ್ಗೇ ಬ್ರಿನ್, ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ಈ ಕೇಂದ್ರದ ಮೂಲಕ ಹಾದುಬಂದವರೇ.

ಅಲ್ಲಿನ ಮಕ್ಕಳಿಗೆ ಪಾಠಕ್ಕಿಂತ ಹೆಚ್ಚು ಲಾಭವಾಗುವುದು ಬೇರೆಯದರಿಂದ ಎಂದು ನನಗನಿಸುತ್ತದೆ. ಊರಿನ ಶಾಲೆಯಲ್ಲಿ 'ದೊಡ್ಡ ಬುದ್ಧಿವಂತೆ' ಎಂದು ಒಂಟಿಯಾಗಿದ್ದ ಹುಡುಗಿ ಇಲ್ಲಿ ತನ್ನಂಥವರ ನಡುವೆ ಕೂರುತ್ತಾಳೆ. ತನಗಿಂತ ಚುರುಕಾದವರನ್ನು ಬಹುಶಃ ಮೊದಲ ಬಾರಿ ಕಾಣುತ್ತಾಳೆ. ಅಹಂಕಾರವೂ ಇಳಿಯುತ್ತದೆ, ಒಂಟಿತನವೂ ಇಳಿಯುತ್ತದೆ.

ಮದ್ರಸದಲ್ಲಿ ಕಲಿಸುವವರಿಗೆ ಇದೇನೂ ಹೊಸತಲ್ಲ. ಹಿಫ್ಝ್ ತರಗತಿಯನ್ನು ನೋಡಿ. ಒಂದೇ ಚಾಪೆಯ ಮೇಲೆ ಒಂಬತ್ತರವನೂ ಹದಿನಾಲ್ಕರವನೂ ಕೂತಿರುತ್ತಾರೆ. ಒಬ್ಬನ ಸಬಕ್ ಐದು ಸಾಲು, ಇನ್ನೊಬ್ಬನದು ಎರಡು ಪುಟ. ಚಿಕ್ಕವನು ಮುಂದೆ ಹೋದನೆಂದು ಉಸ್ತಾದರು ಅವನನ್ನು ತಡೆಯುವುದಿಲ್ಲ. ಇಮಾಮ್ ಶಾಫಿಈ(ರ)ಯವರು ಏಳನೆಯ ವಯಸ್ಸಿಗೇ ಕುರ್‌ಆನ್ ಕಂಠಪಾಠ ಮಾಡಿದ್ದರೆಂದು ಚರಿತ್ರೆಕಾರರು ಹೇಳುತ್ತಾರೆ. ವಯಸ್ಸು ನೋಡಿ ಪಾಠ ಅಳೆಯುವ ಪದ್ಧತಿ ಶಾಲೆಗಳದು, ನಮ್ಮ ಹಳೆಯ ಉಸ್ತಾದರದಲ್ಲ. ಸ್ಟ್ಯಾನ್ಲಿಯವರು ಗಣಿತಕ್ಕೆ ಮಾಡಿದ್ದು ಒಂದು ರೀತಿಯಲ್ಲಿ ಇದನ್ನೇ.

ಇನ್ನು ಹೆಣ್ಮಕ್ಕಳ ವಿಷಯಕ್ಕೆ ಬರೋಣ. 1980ರಲ್ಲಿ ಕ್ಯಾಮಿಲ್ಲಾ ಬೆನ್‌ಬೋ ಮತ್ತು ಸ್ಟ್ಯಾನ್ಲಿಯವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಗಣಿತದ ಪರೀಕ್ಷೆಯಲ್ಲಿ ತೀರಾ ಎತ್ತರದ ಅಂಕ ಪಡೆದವರಲ್ಲಿ ಗಂಡುಮಕ್ಕಳೇ ಹೆಚ್ಚೆಂಬುದು ಅದರ ಸಾರ. 1983ರಲ್ಲಿ ಅವರೇ ಮತ್ತೆ ಲೆಕ್ಕ ಕೊಟ್ಟರು: ಹದಿಮೂರು ತುಂಬುವ ಮೊದಲೇ 800ರಲ್ಲಿ 700 ಮುಟ್ಟಿದವರಲ್ಲಿ ಹದಿಮೂರು ಹುಡುಗರಿಗೆ ಒಬ್ಬಳೇ ಹುಡುಗಿ. ದೊಡ್ಡ ಗದ್ದಲವಾಯಿತು. ಹೆಣ್ಣಿನ ಮಿದುಳಿಗೆ ಗಣಿತ ಹಿಡಿಸದೆಂದು ಹೇಳಲು ಕಾಯುತ್ತಿದ್ದವರಿಗೆ ಆಧಾರ ಸಿಕ್ಕಿದಂತಾಯಿತು. ಆದರೆ ಪರೀಕ್ಷೆಗಳು ಮುಂದುವರಿದವು. 1990ರ ದಶಕ ಬರುವಾಗ ಆ ಹದಿಮೂರು ಸುಮಾರು ನಾಲ್ಕಕ್ಕೆ ಇಳಿದಿತ್ತು. ಹತ್ತು ಹನ್ನೆರಡು ವರ್ಷಗಳಲ್ಲಿ ಹೆಣ್ಣಿನ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಅವಳನ್ನು ಯಾವ ತರಗತಿಗೆ ಸೇರಿಸಿದರು, ಮನೆಯಲ್ಲಿ ಏನು ಹೇಳಿದರು ಎಂಬುದು. ಆಮೇಲೆ ಆ ಇಳಿಕೆ ಬಹುಮಟ್ಟಿಗೆ ಅಲ್ಲಿಗೇ ನಿಂತಿತೆಂಬುದನ್ನೂ ಹೇಳಬೇಕು. ಉಳಿದ ನಾಲ್ಕರ ಕಾರಣದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಇರಾನಿನ ಮರಿಯಂ ಮಿರ್ಝಾಖಾನಿಯನ್ನು ಇಲ್ಲಿ ನೆನೆಯಬೇಕು. ತೆಹ್ರಾನಿನ ಫರ್ಝಾನೆಗಾನ್ ಎಂಬ, ಪ್ರತಿಭಾವಂತ ಹೆಣ್ಮಕ್ಕಳ ಶಾಲೆಯಲ್ಲಿ ಕಲಿತವರು. ಅಲ್ಲಿ ಆರಂಭದ ಒಂದು ವರ್ಷ ಗಣಿತದಲ್ಲಿ ಅವರು ಹಿಂದಿದ್ದರು, ಅಧ್ಯಾಪಕರಿಗೂ ಅವರ ಮೇಲೆ ಭರವಸೆ ಇರಲಿಲ್ಲ. ಮರುವರ್ಷದ ಅಧ್ಯಾಪಕರು ಪ್ರೋತ್ಸಾಹಿಸಿದರು, ಹುಡುಗಿ ಚಿಗುರಿಕೊಂಡಳು. ಹುಡುಗರ ಶಾಲೆಯಲ್ಲಿದ್ದ ಸಮಸ್ಯೆ ಬಿಡಿಸುವ ತರಗತಿ ನಮಗೂ ಬೇಕೆಂದು ಅವರೂ ಗೆಳತಿ ರೋಯಾ ಬೆಹೆಶ್ತಿಯೂ ಪ್ರಾಂಶುಪಾಲರಲ್ಲಿ ಕೇಳಿದರು. ಆ ತಾಯಿ ಇಲ್ಲವೆನ್ನಲಿಲ್ಲ. 1994ರ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ಇಬ್ಬರೂ ಹೋದರು. ಮರಿಯಂಗೆ ಚಿನ್ನ. ಮರುವರ್ಷ ಮತ್ತೆ ಚಿನ್ನ, ಒಂದು ಅಂಕವೂ ಕಳೆಯದೆ. ಶಾಲೆಯಲ್ಲಿರುವಾಗಲೇ ಅವರು ಶರೀಫ್ ವಿಶ್ವವಿದ್ಯಾನಿಲಯದ ಬೇಸಿಗೆ ಕಾರ್ಯಾಗಾರಕ್ಕೆ ಹೋಗಿದ್ದರು. ಅಲ್ಲಿ ಪ್ರೊಫೆಸರ್ ಮಹಮೂದಿಯಾನ್ ಮಕ್ಕಳ ಮುಂದಿಟ್ಟ ಒಂದು ಸಮಸ್ಯೆ ಹಿಡಿದುಕೊಂಡರು. 1995ರಲ್ಲಿ ಅದು ಇಬ್ಬರ ಹೆಸರಿನಲ್ಲೂ ಸಂಶೋಧನಾ ಲೇಖನವಾಗಿ ಪ್ರಕಟವಾಯಿತು. 2014ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. 2017ರಲ್ಲಿ, ನಲ್ವತ್ತರ ಪ್ರಾಯದಲ್ಲೇ, ಸ್ತನ ಕ್ಯಾನ್ಸರಿನಿಂದ ನಿಧನರಾದರು.

ಆ ಹಿಂದಿದ್ದ ವರ್ಷದಲ್ಲೇ ಮರಿಯಂ ಸ್ಟ್ಯಾನ್ಲಿಯವರ ಪರೀಕ್ಷೆ ಬರೆದಿದ್ದರೆ? ಆಯ್ಕೆಯಾಗುತ್ತಿದ್ದರೆಂಬ ಖಾತ್ರಿ ನನಗಿಲ್ಲ. ಹನ್ನೆರಡನೆಯ ವಯಸ್ಸಿನ ಒಂದು ಮುಂಜಾನೆಯ ಪರೀಕ್ಷೆ ಅಲ್ಲಾಹನು ಕೊಟ್ಟ ಸಾಮರ್ಥ್ಯವನ್ನೆಲ್ಲ ಅಳೆಯಲಾರದು. ಹಣದ ಪ್ರಶ್ನೆಯೂ ಇದೆ. ಅಮೆರಿಕದ ಈ ಶಿಬಿರಗಳ ಶುಲ್ಕ ಹಲವು ಸಾವಿರ ಡಾಲರ್. ಸಹಾಯಧನ ಇದೆ, ಆದರೂ ಮುಂದಿನ ಸಾಲಿನಲ್ಲಿ ಉಳ್ಳವರ ಮಕ್ಕಳೇ. 1980ರಲ್ಲಿ ಆರಂಭವಾಗಿದ್ದ ಡ್ಯೂಕ್ ವಿಶ್ವವಿದ್ಯಾನಿಲಯದ ಇಂಥದ್ದೇ ಯೋಜನೆ ಕೋವಿಡ್ ಕಾಲದಲ್ಲಿ ಮುಚ್ಚಿಯೇ ಹೋಯಿತು.

ನಮ್ಮಲ್ಲಿ ಏನಿದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1999ರಿಂದ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯಲ್ಲಿ ವಿದ್ಯಾರ್ಥಿವೇತನದ ಜೊತೆ ಬೇಸಿಗೆ ಶಿಬಿರವೂ ಇತ್ತು. 2022ರಲ್ಲಿ ಅದನ್ನು ಕೇಂದ್ರ ಸರಕಾರದ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಲಾಯಿತು. ಇತ್ತೀಚಿನ ವರ್ಷಗಳಲ್ಲಿ ಅದೇ ಕ್ಯಾಂಪಸ್ಸಿನಲ್ಲಿ 'ಪ್ರಾಮಿಸ್ ಇಂಡಿಯಾ' ಎಂಬ ಆರು ವಾರಗಳ ಗಣಿತ ಶಿಬಿರ ಆರಂಭವಾಗಿದೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ 1989ರಿಂದ ನಡೆಯುತ್ತಿರುವ ಶಿಬಿರದ ಶಾಖೆ ಇದು. ಹೈಸ್ಕೂಲು, ಪಿಯುಸಿ ಪ್ರಾಯದ ಮಕ್ಕಳಿಗೆ. ಕಷ್ಟವಿರುವವರಿಗೆ ಆರ್ಥಿಕ ನೆರವಿದೆ.

ಹೆಣ್ಣುಮಗಳನ್ನು ವಾರಗಟ್ಟಲೆ ಬೇರೆ ಊರಿನಲ್ಲಿ ಬಿಡುವುದು ಹೇಗೆಂದು ತಾಯಂದಿರು ಕೇಳುತ್ತಾರೆ. ಕೇಳಲೇಬೇಕು. ಪ್ರಯಾಣ, ಮಹ್ರಮ್ ವಿಷಯದಲ್ಲಿ ಉಲಮಾಗಳ ಅಭಿಪ್ರಾಯಗಳು ಬೇರೆ ಬೇರೆ ಇವೆ, ನಂಬಿಕೆಯ ಆಲಿಮರಲ್ಲಿ ವಿಚಾರಿಸಿ. ಆದರೆ ಒಂದು ಮಾತು. ನೀಟ್, ಸಿಇಟಿ ಎಂದು ಇದೇ ವಯಸ್ಸಿನ ಮಕ್ಕಳನ್ನು ಎರಡು ವರ್ಷ ಹಾಸ್ಟೆಲಿನಲ್ಲಿ ಬಿಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಕಕ್ಕಾಗಿ ಎರಡು ವರ್ಷ ಸರಿ, ಇಲ್ಮಿಗಾಗಿ ಆರು ವಾರ ಆಗದು ಎಂಬುದು ಯಾವ ನ್ಯಾಯ? ಹಝ್ರತ್ ಆಯಿಶಾ(ರ)ರಲ್ಲಿ ದೊಡ್ಡ ದೊಡ್ಡ ಸಹಾಬಿಗಳೇ ಬಂದು ಕೇಳಿ ತಿಳಿಯುತ್ತಿದ್ದರು. ಆ ಪರಂಪರೆ ನಮ್ಮದು.

ಅರ್ಜಿ ಹಾಕುವ ಮೊದಲು ಹುಡುಗಿಯರ ವಸತಿ ಪ್ರತ್ಯೇಕವೇ, ರಾತ್ರಿ ಜೊತೆಗಿರುವ ಮೇಲ್ವಿಚಾರಕಿ ಯಾರು, ಊಟ ಹೇಗೆ, ನಮಾಝಿಗೆ ಜಾಗ ಸಿಗುತ್ತದೆಯೇ ಎಂದು ಸಂಘಟಕರನ್ನು ಬರವಣಿಗೆಯಲ್ಲೇ ಕೇಳಿ. ಉತ್ತರ ಕೊಡುವ ರೀತಿಯಿಂದಲೇ ಅರ್ಧ ಗೊತ್ತಾಗುತ್ತದೆ. ಪ್ರಾಮಿಸ್‌ನಲ್ಲಿ ಆಯ್ಕೆಯ ಮುಖ್ಯ ಆಧಾರ ಅವರು ಕೊಡುವ ಕೆಲವು ಗಣಿತದ ಸಮಸ್ಯೆಗಳು. ಮನೆಯಲ್ಲೇ ಕೂತು, ದಿನಗಟ್ಟಲೆ ಯೋಚಿಸಿ ಬಿಡಿಸಬಹುದು. ಪೂರ್ತಿ ಬರದಿದ್ದರೂ ತನ್ನ ಪ್ರಯತ್ನವನ್ನು ಬರೆದು ಕಳಿಸಬಹುದು. ಆ ದಿನಗಳಲ್ಲಿ ಅವಳಿಗೆ ಅಡುಗೆಮನೆಯ ಕೆಲಸದಿಂದ ಸ್ವಲ್ಪ ಬಿಡುವು ಕೊಡಿ. ಬೇರೆಯವರಿಂದ ಬಿಡಿಸಿ ತರುವಂತಿಲ್ಲ, ಟ್ಯೂಷನ್ ಮಾಸ್ತರರಿಂದಲೂ.