ಹೋಟೆಲಿನ ಪಂಕ್ತಿ

ಊರಿನ ಚರಿತ್ರೆಯನ್ನು ಶಾಸನಗಳಲ್ಲಿ ಅರಸುವುದು ವಿದ್ವಾಂಸರ ಪದ್ಧತಿ. ಬೆಂಗಳೂರಿನ ಮಟ್ಟಿಗೆ ಅದನ್ನು ಉಪಾಹಾರಗೃಹಗಳ ನಾಮಫಲಕಗಳಲ್ಲಿಯೂ ಓದಬಹುದು.

1924ರಲ್ಲಿ ಕರಾವಳಿಯ ಮಯ್ಯ ಸೋದರರು ತೆರೆದುದು ‘ಬ್ರಾಹ್ಮಿನ್ ಕಾಫಿ ಕ್ಲಬ್’. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಅದು ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದುದು ಸಣ್ಣ ಮಾತಲ್ಲ. ಒಂದು ಕಾಲಕ್ಕೆ ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಗಳಿದ್ದುವು. ಕ್ರಮೇಣ ಆ ಗೋಡೆಗಳು ಬಿದ್ದುವು. ಮನೆಯಲ್ಲಿ ಪಂಕ್ತಿಭೇದ ಬಿಡದವರೂ ಎದುರು ಕುಳಿತವನ ಕುಲ ಕೇಳದೆ ದೋಸೆ ಮುರಿಯಲು ಹೋಟೆಲಿನಲ್ಲಿ ಕಲಿತರು.

ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಹೆಸರೇ ಅದರ ಗಿರಾಕಿಗಳನ್ನು ಹೇಳುತ್ತದೆ. ಅಪರಿಚಿತರು ಒಂದೇ ಮೇಜು ಹಂಚಿಕೊಳ್ಳುವುದು ಅಲ್ಲಿ ಇಂದಿಗೂ ವಾಡಿಕೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವ ‘ಬೈ ಟು’ ಪದ್ಧತಿಯಂತೂ ಬಡ ವಿದ್ಯಾರ್ಥಿಯ ಮಾನವನ್ನೂ ಮಾತನ್ನೂ ಉಳಿಸಿತು.

1980ರ ದಶಕದಲ್ಲಿ ದರ್ಶಿನಿಗಳು ಬಂದುವು. ಕುರ್ಚಿ ಹೋದುದರಿಂದ ಹರಟೆ ಮೊಟಕಾಯಿತು, ನಿಜ. ಆದರೆ ಅಧಿಕಾರಿಯೂ ಆಟೋ ಚಾಲಕನೂ ಒಂದೇ ಕಲ್ಲುಹಲಗೆಯ ಬಳಿ ನಿಂತು ಇಡ್ಲಿ ತಿಂದರು.

ಈಗ ತಿಂಡಿಯೇ ಮನೆಬಾಗಿಲಿಗೆ ಬರುತ್ತದೆ. ತಂದವನು ಹೊಸ್ತಿಲಿನ ಆಚೆ ನಿಲ್ಲುತ್ತಾನೆ. ಕೆಲವು ವಸತಿ ಸಮುಚ್ಚಯಗಳಲ್ಲಿ ಅವನಿಗೆ ಲಿಫ್ಟೂ ಬೇರೆ. ಹೋಟೆಲು ಅಳಿಸಿದ ಗೆರೆಯನ್ನು ನಾವು ಮತ್ತೆ ಎಳೆಯುತ್ತಿಲ್ಲವೆ? ಅನುಕೂಲವನ್ನು ಬೇಡವೆನ್ನಬೇಕಾಗಿಲ್ಲ. ಆದರೂ ವಾರಕ್ಕೊಮ್ಮೆಯಾದರೂ ಬೀದಿಗಿಳಿದು, ಅಪರಿಚಿತರೊಬ್ಬರ ಎದುರು ಕುಳಿತು ಕಾಫಿ ಕುಡಿಯುವುದು ತರುಣರಿಗೆ ಒಳ್ಳೆಯ ಪಾಠವೇ ಸರಿ.