ಗಾಡಿ ಕಟ್ಟಿದೆವು, ಲಾರಿ ಹತ್ತಿಸಲು ಬರಲಿಲ್ಲ!

ಎಂಟು ತಿಂಗಳು ಹಬ್ಬ, ರಜೆ ಎಲ್ಲ ಬಿಟ್ಟು ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಒಂದು ಎಟಿವಿ ಕಟ್ಟಿದ್ದೆವು, ಬಾಹಾ ಸ್ಪರ್ಧೆಗೆಂದು. ಮೆಕ್ಯಾನಿಕಲ್ ಓದುವವರಿಗೆ ಈ ಹೆಸರು ಗೊತ್ತು. ಉಳಿದವರಿಗೆ ಹೇಳುವುದಾದರೆ, ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ವೆಲ್ಡ್ ಮಾಡಿದ ಒಂಟಿ ಸೀಟಿನ ಗಾಡಿಯನ್ನು ಕಲ್ಲು, ಕೆಸರು, ದಿಬ್ಬಗಳ ಮೇಲೆ ಓಡಿಸಬೇಕು. ಕೊನೆಯ ದಿನದ ಎಂಡ್ಯೂರೆನ್ಸ್ ಓಟವೇ ನಾಲ್ಕು ಗಂಟೆಯದು. ನಮ್ಮ ದೇಶದಲ್ಲಿ ಇದು 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಶುರುವಾಯಿತು. ನಾವು ಹುಬ್ಬಳ್ಳಿಯಿಂದ ಹೊರಟಿದ್ದೂ ಅಲ್ಲಿಗೇ.

ಗಾಡಿ ನಾಲ್ಕು ಗಂಟೆ ಓಡುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದ ನಮಗೆ ಅದನ್ನು ಲಾರಿ ಹತ್ತಿಸುವುದು ಒಂದು ವಿಷಯವೇ ಆಗಿರಲಿಲ್ಲ.

ಲಾರಿಯ ಹಾಸು ನೆಲದಿಂದ ಸುಮಾರು ಒಂದು ಮೀಟರ್ ಎತ್ತರವಿತ್ತು. ಸೆಂಟ್ರಿಂಗ್‌ನವರಿಂದ ಎರಡು ಮೀಟರ್ ಉದ್ದದ ಎರಡು ಹಲಗೆ ತಂದು ಒರಗಿಸಿದೆವು. ಎರಡನೇ ಡ್ರೈವರ್ ನಾನು. ಸೀಟಿನಲ್ಲಿ ಕೂತೆ. ಮೊದಲ ಡ್ರೈವರ್ ಆಗಿದ್ದ ಗೆಳೆಯ ಹಲಗೆ ಅಲುಗಾಡದಿರಲಿ ಎಂದು ಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಕೈಯಲ್ಲಿ ಹಿಡಿದುಕೊಂಡ. ಮುಂದಿನ ಚಕ್ರ ಲಾರಿಯ ಅಂಚಿಗೆ ತಗುಲಿ ನಿಂತಿತು. ಇನ್ನೊಂದು ಚೂರು ಎಂದು ನಾನು ರೇಸ್ ಕೊಟ್ಟೆ. ಬಲಗಡೆಯ ಹಲಗೆ ಹಿಂದಕ್ಕೆ ಚಿಮ್ಮಿತು. ಗಾಡಿ ವಾಲಿ ಕೆಳಗೆ ಬಿತ್ತು. ನಾನು ಬೆಲ್ಟ್ ಹಾಕಿಕೊಂಡಿದ್ದೆ, ಮೇಲೆ ರೋಲ್ ಕೇಜ್ ಇತ್ತು, ಏನೂ ಆಗಲಿಲ್ಲ. ಅವನ ಬಲಗೈ ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಯಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಸಸ್ಪೆನ್ಷನ್‌ಗೆಂದು ನೂರಾರು ಪುಟ ಲೆಕ್ಕ ಮಾಡಿದ್ದ ನೋಟ್‌ಬುಕ್ ತೆಗೆದು, ಮೊದಲ ವರ್ಷದಲ್ಲಿ ಕಲಿತ ಇಳಿಜಾರಿನ ಲೆಕ್ಕ ಬರೆದೆ. ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಹಲಗೆ ಅಂದರೆ 30 ಡಿಗ್ರಿ. 180 ಕಿಲೋ ಗಾಡಿಯನ್ನು ಅದರ ಮೇಲೆ ತಡೆದು ನಿಲ್ಲಿಸಲೇ 90 ಕಿಲೋ ಭಾರದಷ್ಟು ಬಲ ಬೇಕು. ಹಲಗೆ ಮೂರು ಮೀಟರ್ ಇದ್ದಿದ್ದರೆ 60 ಕಿಲೋ ಸಾಕಿತ್ತು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬಿಡಿಸಿದ್ದ ಪ್ರಶ್ನೆ ಇದು!

ಅದಕ್ಕಿಂತ ಮುಖ್ಯವಾದದ್ದು ಹಲಗೆ ಜಾರಿದ್ದೇಕೆ ಎಂಬುದು. ಹಿಂದಿನ ಚಕ್ರಗಳು ಗಾಡಿಯನ್ನು ಮೇಲಕ್ಕೆ ತಳ್ಳುವಾಗ ಹಲಗೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತವೆ. ನಿಧಾನವಾಗಿ ಒಂದೇ ಸಮ ಹತ್ತಿದರೆ ಗಾಡಿಯ ಭಾರವೇ ಹಲಗೆಯನ್ನು ಲಾರಿಯ ಕಡೆಗೂ ಒತ್ತುವುದರಿಂದ ಸರಿದೂಗುತ್ತದೆ. ಮುಂದಿನ ಚಕ್ರ ಅಂಚಿಗೆ ತಡೆದು ನಿಂತಾಗ ರೇಸ್ ಕೊಟ್ಟರೆ ಹಿಂದಕ್ಕೆ ತಳ್ಳುವ ಬಲವೇ ಗೆಲ್ಲುತ್ತದೆ. ಅದನ್ನು ಮನುಷ್ಯನ ಕೈ ತಡೆಯಲಾರದು, ಚೈನು ತಡೆಯುತ್ತದೆ. ಹಲಗೆಯ ಮೇಲ್ತುದಿಯನ್ನು ಲಾರಿಗೆ ಬಿಗಿಯಬೇಕಿತ್ತು. ಎಂಟು ತಿಂಗಳಲ್ಲಿ ಯಾರಿಗೂ, ಗೈಡ್ ಸರ್ ಸೇರಿದಂತೆ, ಇದು ಹೊಳೆದಿರಲಿಲ್ಲ.

ಎರಡು ದಿನದಲ್ಲಿ ಮೂರು ಮೀಟರ್ ಉದ್ದದ ಕಬ್ಬಿಣದ ರ‍್ಯಾಂಪ್ ವೆಲ್ಡ್ ಮಾಡಿದೆವು. ಜಾರದಂತೆ ಅಡ್ಡಪಟ್ಟಿ, ತುದಿಗೆ ಕೊಕ್ಕೆ, ಚೈನು. ಹೆಮ್ಮೆಯಿಂದ ತೋರಿಸಿದರೆ ಲಾರಿ ಡ್ರೈವರ್ ಕಾಕಾ ನಕ್ಕರು. ‘ತಮ್ಮಾ, ರ‍್ಯಾಂಪ್ ಚಲೋ ಅದ. ಆದ್ರ ಗಾಡಿ ಅಷ್ಟು ಮ್ಯಾಲ ಯಾಕ ಎತ್ತತೀರಿ? ಟ್ರ್ಯಾಕ್ಟರ್ ಹ್ಯಾಂಗ ಹತ್ತಸ್ತಾರ ನೋಡಿಲ್ಲೇನು?’ ಎಂದವರೇ ಲಾರಿಯನ್ನು ಮೈದಾನದ ಅಂಚಿನ ಮಣ್ಣಿನ ದಿಬ್ಬಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದರು. ದಿಬ್ಬದಿಂದ ಹಾಸಿಗೆ ಇದ್ದದ್ದು ಅರ್ಧ ಮೀಟರ್ ಅಷ್ಟೆ. ಇಳಿಜಾರು ಹತ್ತು ಡಿಗ್ರಿಯೂ ಇರಲಿಲ್ಲ, 90 ಕಿಲೋ 30ಕ್ಕೆ ಇಳಿದಿತ್ತು. ನನ್ನ ನೋಟ್‌ಬುಕ್‌ನಲ್ಲಿ ಹಲಗೆಯ ಉದ್ದ ಬದಲಾಗಿತ್ತೇ ಹೊರತು ಎತ್ತರ ಬದಲಾಗಿರಲಿಲ್ಲ.

ಹ್ಯಾಂಡ್ ಬ್ರೇಕ್ ಎಳೆದು, ಲಾರಿಯ ಚಕ್ರಗಳಿಗೆ ಕಲ್ಲು ಕೊಟ್ಟರು. ಎಂಜಿನ್ ಚಾಲೂ ಮಾಡಲೇ ಇಲ್ಲ. ನಾಲ್ವರು ಲಾರಿಯ ಮೇಲಿನಿಂದ ಹಗ್ಗ ಎಳೆದೆವು. ಇಬ್ಬರು ಎರಡು ಬದಿಯಲ್ಲಿ ನಡೆಯುತ್ತ ಚಕ್ರದ ಹಿಂದೆ ಮರದ ತುಂಡು ಸರಿಸುತ್ತ ಬಂದರು. ಆಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಚಾಸಿಯನ್ನು ನಾಲ್ಕು ಮೂಲೆಗೂ ಬೆಲ್ಟ್‌ನಿಂದ ಬಿಗಿದೆವು. ಐದೇ ನಿಮಿಷ. ಗೆಳೆಯ ಪ್ಲಾಸ್ಟರ್ ಹಾಕಿದ ಕೈ ಹೊತ್ತು ದೂರದ ಕಟ್ಟೆಯ ಮೇಲೆ ಕೂತು ‘ಹಿಂದ ಯಾರೂ ನಿಂದರಬ್ಯಾಡ್ರಲೇ’ ಎಂದು ಕೂಗುತ್ತಿದ್ದ.

ಅವನು ಪೀಥಂಪುರಕ್ಕೆ ಬರಲಿಲ್ಲ. ಇಂಟರ್ನಲ್ಸ್ ಕೂಡ ಬರೆಯಲಾಗಲಿಲ್ಲ. ಅವನು ಓಡಿಸಬೇಕಿದ್ದ ಎಂಡ್ಯೂರೆನ್ಸ್‌ನಲ್ಲಿ ನಾನು ಕೂತೆ. ಎರಡೂವರೆ ಗಂಟೆಗೆ ಗಾಡಿ ನಿಂತಿತು, ಅದು ಬೇರೆ ಕತೆ. ರಾತ್ರಿ ಫೋನ್ ಮಾಡಿದಾಗ ಅವನು ಓಟದ ಬಗ್ಗೆ ಕೇಳಲಿಲ್ಲ.

‘ನಾಳೆ ಹತ್ತಸೂ ಮುಂದ ಚೈನು ಹಾಕ್ತೀರಿಲ್ಲೋ?’ ಎಂದ.