ಸವಾಲಿನಿಂದ ಟೆಂಡರಿಗೆ: ಸಾರ್ವಜನಿಕ ಸಂಗ್ರಹಣೆಯ ಕಾನೂನು

ಗ್ರಾಮೀಣ ಜಾತ್ರೆಗಳಲ್ಲಿ ಅಂಗಡಿ ಜಾಗ, ತೆಂಗಿನಕಾಯಿ ಮಾರಾಟ ಮುಂತಾದ ಹಕ್ಕುಗಳನ್ನು ಬಹಿರಂಗ ಸವಾಲಿನಲ್ಲಿ ಕೊಡುವುದು ರೂಢಿ. ಕೂಗಿದ ಬೆಲೆ ನೆರೆದವರೆಲ್ಲರ ಕಿವಿಗೆ ಬೀಳುವುದರಿಂದ ಸಭೆಯೇ ಸಾಕ್ಷಿಯಾಗುತ್ತದೆ. ಟೆಂಡರಿನಲ್ಲಾದರೋ ಬೆಲೆ ಮುಚ್ಚಿದ ಲಕೋಟೆಯೊಳಗಿರುತ್ತದೆ. ಆದ್ದರಿಂದ ಸಾಕ್ಷಿಯ ಸ್ಥಾನವನ್ನು ಕಾನೂನೇ ತುಂಬಬೇಕಾಗುತ್ತದೆ.

ತಮಿಳುನಾಡು 1998ರಲ್ಲಿ ಇಂತಹ ಕಾನೂನನ್ನು ರೂಪಿಸಿತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮರುವರ್ಷದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ಟೆಂಡರ್ ಪ್ರಕಟಣೆ, ಪೂರ್ವನಿಗದಿತ ಮಾನದಂಡಗಳ ಮೌಲ್ಯಮಾಪನ, ಮೇಲ್ಮನವಿ ಇವು ಅದರ ಆಧಾರಸ್ತಂಭಗಳು. ಆದರೆ 4(ಜಿ) ಪ್ರಕರಣವು ಅಧಿಸೂಚನೆಯ ಮೂಲಕ ವಿನಾಯಿತಿ ನೀಡಲು ಸರ್ಕಾರಕ್ಕೆ ಅವಕಾಶವಿತ್ತಿದೆ. ಕೇಂದ್ರದಲ್ಲಿ 2012ರಲ್ಲಿ ಲೋಕಸಭೆಯಲ್ಲಿ ಮಂಡಿತವಾದ ಸಾರ್ವಜನಿಕ ಸಂಗ್ರಹಣಾ ಮಸೂದೆ 2014ರಲ್ಲಿ ಸದನದ ಅವಧಿಯೊಂದಿಗೇ ಬಿದ್ದುಹೋಯಿತು.

ಪಾರದರ್ಶಕತೆಯೊಂದೇ ಸಮಾನತೆಯನ್ನು ತರಲಾರದು. ಠೇವಣಿ, ವಾರ್ಷಿಕ ವಹಿವಾಟು, ಪೂರ್ವಾನುಭವಗಳೆಂಬ ಷರತ್ತುಗಳು ಸಣ್ಣ ಗುತ್ತಿಗೆದಾರನನ್ನೂ ಕುಶಲಕರ್ಮಿಯನ್ನೂ ಹೊಸ್ತಿಲಾಚೆಗೇ ನಿಲ್ಲಿಸಬಲ್ಲವು. ಈ ನಿಟ್ಟಿನಲ್ಲಿ 2016ರ ತಿದ್ದುಪಡಿ ಅಧಿನಿಯಮವು ಗಮನಾರ್ಹವಾದುದು. ಅದು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಪಾಲನ್ನು ಮೀಸಲಿಟ್ಟಿತು. 2023ರಲ್ಲಿ ಆ ಮಿತಿ 1 ಕೋಟಿಗೇರಿತು. ಸವಾಲು ಕೂಗಿದಲ್ಲಿ ಅಕ್ಷರ ಬಾರದವನೂ ನಿಂತು ಕೇಳಬಲ್ಲ. ಟೆಂಡರಿನ ಷರತ್ತು ಅಂಥವನಿಗೂ ತಿಳಿಯುವಂತಾದಾಗಲೇ ಈ ಸುಧಾರಣೆ ಪೂರ್ಣವಾದೀತು.